ಪಂಚನಹಳ್ಳಿಗೆ ಹೋಗುವ ಓಟಿಪಿ

ಲೈಬ್ರರಿಯನ್ ಅಂದರೆ ಫ್ಯಾನಿನ ಕೆಳಗೆ ತಣ್ಣಗೆ ಕೂತಿರುವವಳು ಅಂತ ತಿಳಿದವರನ್ನು ಒಂದು ವಾರ ತರೀಕೆರೆಯ ನಮ್ಮ ಕಾಲೇಜಿಗೆ ತಂದು ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಇಲ್ಲದ ತಾಪತ್ರಯಗಳೆಲ್ಲ ಹುಡುಕಿಕೊಂಡು ಬಂದು ನನಗೇ ಗಂಟುಬೀಳುತ್ತವೆ.

ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಆನ್‌ಲೈನ್ ಡೇಟಾಬೇಸುಗಳನ್ನು ನಮಗೂ ತೆರೆದುಕೊಟ್ಟಿತು. ದೇಶವಿದೇಶಗಳ ಸಂಶೋಧನಾ ಲೇಖನಗಳೆಲ್ಲ ಪುಕ್ಕಟೆ. ಆದರೆ ವರ್ಷದೊಳಗೆ ಯಾರೂ ಬಳಸದಿದ್ದರೆ ಸಂಪರ್ಕ ಕಿತ್ತುಹಾಕುತ್ತೇವೆ ಅಂದರು. ಆ ಅವಮಾನ ಮಾಡಿಸಿಕೊಳ್ಳಲು ನಾನು ತಯಾರಿರಲಿಲ್ಲ.

೧. ಬೀರು

ಪ್ರಿನ್ಸಿಪಾಲರು ಹಿಗ್ಗಿದರು. "ಒಂದು ಬೀರು ಖಾಲಿ ಮಾಡ್ಸಿ ಮೇಡಮ್."

"ಇದು ಇಂಟರ್ನೆಟ್ಟಲ್ಲಿರುತ್ತೆ ಸಾರ್, ಬೀರು ಯಾಕೆ?"

"ಗೊತ್ತು ಕಣ್ರೀ. ಎಲ್ಲಾ ಪ್ರಿಂಟ್ ತೆಗ್ಸಿ, ಬೈಂಡ್ ಮಾಡ್ಸಿ, ಸೀಲ್ ಹಾಕಿಡಿ. ಇನ್‌ಸ್ಪೆಕ್ಷನ್‌ನೋರು ಬಂದ್ರೆ ತೋರಿಸ್ಬೇಕಲ್ಲ?"

ನನಗೆ ರೇಗಿಹೋಯಿತು. ಊರನ್ನೇ ಖಾಲಿ ಮಾಡಿಸಿದರೂ ಜಾಗ ಸಾಲದು ಅಂದೆ. ಅವರು ಯೋಚಿಸಿ, "ಹಂಗಾದ್ರೆ ಎರಡು ಬೀರು ಮಾಡ್ಸಿ" ಅಂದರು.

೨. ಯಾರೂ ಬರೆಯದ ವಿಷಯ

ಅಜ್ಜಂಪುರದಿಂದ ಬರುವ ಇತಿಹಾಸದ ಮೇಷ್ಟ್ರು ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಅವರನ್ನು ಕಂಪ್ಯೂಟರಿನ ಮುಂದೆ ಕೈಹಿಡಿದು ಕೂರಿಸದಿದ್ದುದೊಂದು ಬಾಕಿ! ಹುಡುಕಿಕೊಟ್ಟೆ. ಪರದೆ ತುಂಬ ಕೆರೆಗಳದೇ ಲೇಖನ. ಮೇಷ್ಟ್ರ ಮುಖ ಮಾತ್ರ ಇಳಿದುಹೋಯಿತು.

"ಏನ್ ಮೇಡಮ್ ನೀವು! ಈ ವಿಷಯದ ಮೇಲೆ ಇದುವರೆಗೆ ಯಾರೂ ಬರೆದಿಲ್ಲ ಅಂತ ಮೊದಲನೇ ಅಧ್ಯಾಯದಲ್ಲೇ ಬರ್ದು ಟೈಪ್ ಮಾಡ್ಸಿಬಿಟ್ಟಿದ್ದೀನಿ. ಮುಚ್ಚಿ, ಮೊದ್ಲು ಮುಚ್ಚಿ!"

ಆಮೇಲೆ ಅವರು ಲೈಬ್ರರಿ ಮುಂದೆ ಹಾಯುವುದನ್ನೇ ಬಿಟ್ಟರು.

೩. ಕನ್ನಡಕ

ಇಷ್ಟಕ್ಕೂ ನಾನು ಆ ಡೇಟಾಬೇಸಿನ ಒಳಗೆ ಹೋಗುವುದೇ ಒಂದು ಪಾಡು. ವಿಶ್ವವಿದ್ಯಾಲಯದಲ್ಲಿ ನಮ್ಮ ಕಾಲೇಜಿನ ಹಳೇ ಖಾತೆಗಿದ್ದ ಫೋನ್ ನಂಬರು ನನಗಿಂತ ಮುಂಚೆ ಇದ್ದ ಲೈಬ್ರರಿಯನ್ ಸಾರ್‌ದು. ಪಾಸ್‌ವರ್ಡೂ ಅವರಿಟ್ಟದ್ದೇ. ಅವರು ರಿಟೈರಾಗಿ ಕಡೂರಿನಾಚೆ ಪಂಚನಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ನಂಬರು ಬದಲಿಸಿ ಅಂತ ಎಷ್ಟು ಗೋಗರೆದರೂ ವಿಶ್ವವಿದ್ಯಾಲಯದವರು ಜಪ್ಪಯ್ಯ ಅನ್ನಲಿಲ್ಲ.

"ಸಾರ್, ಓಟಿಪಿ ಬಂತಾ?"

"ತಾಳಮ್ಮ, ಕನ್ನಡಕ ಪಂಪ್‌ಸೆಟ್ ಹತ್ರ ಐತೆ, ತತ್ತೀನಿ."

ತರುವಷ್ಟರಲ್ಲಿ ಓಟಿಪಿಯ ಆಯುಸ್ಸು ಮುಗಿದಿರುತ್ತಿತ್ತು. ಸಿಕ್ಕ ದಿನವೂ, ಈ ಖಾತೆಯಲ್ಲಿ ಬೇರೊಬ್ಬರಿದ್ದಾರೆ, ಆಮೇಲೆ ಬನ್ನಿ ಅಂತ ಪರದೆ ಅನ್ನುತ್ತಿತ್ತು. ಯಾರ್ರೀ ಅದು ಅಂತ ಸ್ಟಾಫ್‌ರೂಮಿನಲ್ಲಿ ಜೋರು ಮಾಡಿದೆ. "ನಮಗ್ಯಾಕೆ ಮೇಡಮ್ ಆ ಉಸಾಬರಿ?" ಅಂದರು. ಅದು ಮಾತ್ರ ಸತ್ಯ.

೪. ಸನ್ಮಾನ

ವರ್ಷ ಮುಗಿಯಿತು. ವಿಶ್ವವಿದ್ಯಾಲಯದಿಂದ ಫೋನ್ ಬಂದಾಗ, ಕಿತ್ತುಹಾಕಿದರು ಅಂತಲೇ ತಿಳಿದು ಅಳು ನುಂಗಿಕೊಂಡು ಎತ್ತಿದೆ.

"ಭೇಷ್ ಮೇಡಮ್! ನಿಮ್ಮಷ್ಟು ಯಾವ ಕಾಲೇಜೂ ಬಳಸಿಲ್ಲ. ಸಂಪರ್ಕ ಮುಂದುವರಿಸ್ತೀವಿ. ತೆಂಗಿನ ನುಸಿ ಮೇಲೆ ಏನ್ ಸಂಶೋಧನೆ ನಡೀತಿದೆ ರೀ ನಿಮ್ಮಲ್ಲಿ!"

ನಮ್ಮಲ್ಲಿ ತೆಂಗಿನ ಸುದ್ದಿ ಎತ್ತುವ ಒಂದು ವಿಭಾಗವೂ ಇಲ್ಲ. ತಕ್ಷಣ ಪಂಚನಹಳ್ಳಿಗೆ ಫೋನ್ ಮಾಡಿದೆ.

"ಹೂಂ ಕಣಮ್ಮ, ನಾನೇಯ. ಓಟಿಪಿ ಹೆಂಗೂ ನನ್ ಫೋನಿಗೇ ಬತ್ತದಲ್ಲ. ಯಾರೂ ಓದ್ದೆ ಸುಮ್ನೆ ಯಾಕ್ ಹಾಳಾಗ್ಬೇಕು ಅಂತ ಓದ್ಕಂಡೆ."

ಕಾಲೇಜಿಗೆ ಹೆಸರು ತಂದರು ಅಂತ ಪ್ರಿನ್ಸಿಪಾಲರು ಸಾರ್‌ಗೆ ಸನ್ಮಾನವನ್ನೇ ಇಟ್ಟುಕೊಂಡರು. ಶಾಲು, ಪೇಟ, ಹಾರ. ಹಾರದ ತಟ್ಟೆ ಹಿಡಿದು ನಿಲ್ಲುವ ಭಾಗ್ಯ ಯಾರದು? ನನ್ನದೇ! ಸಾರ್ ಮೈಕ್ ಹಿಡಿದರು.

"ಇನ್ನೂ ಜಾಸ್ತಿ ಓದ್ತಿದ್ದೆ ಕಣ್ರೀ. ಈ ಮೇಡಮ್ಮು ದಿನಾ ಫೋನ್ ಮಾಡಿ, ಓಟಿಪಿ ಬಂತಾ, ಓಟಿಪಿ ಬಂತಾ ಅಂತ ಓದಕ್ಕೇ ಬಿಡ್ನಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ನೀವು ಲೈಬ್ರರಿಯನ್ ಆಗಿ ಓದೋರಿಗೆ ಹಿಂಗೆ ತೊಂದ್ರೆ ಕೊಡ್ಬಾರ್ದು ಮೇಡಮ್."