ಆಗಿಬಂದ ಮನೆ

ಗೋವಿಂದರಾಜುವಿನ ಮೇಲಿನ ಮನೆಯಲ್ಲಿ ಬಾಡಿಗೆಯವರು ನಿಲ್ಲದೆ ಹೋಗುತ್ತಿದ್ದುದಕ್ಕೆ ಕಾರಣ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿರಲಿಲ್ಲ. ಅವನು ಕಾಫಿಯನ್ನು ಬೇಗ ಕುಡಿದು ಮುಗಿಸುತ್ತಿದ್ದ, ಅಷ್ಟೇ.

ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡಬಳ್ಳಾಪುರದಿಂದ ತೂಬಗೆರೆ ಕಡೆ ಹೋಗುವ ದಾರಿಯ ಹೊಸ ಬಡಾವಣೆಯಲ್ಲಿ ಅವನದು ಕೆಳಗೊಂದು ಮೇಲೊಂದು ಎರಡು ಮನೆ. ಕೆಳಗೆ ತಾನು, ಹೆಂಡತಿ ಪ್ರಮೋದಾ, ಮಗಳು ಸಿಂಧು. ಮೇಲಿನದು ಬಾಡಿಗೆಗೆ. ಬೀದಿ ನಲ್ಲಿಯ ನೀರು ಕೆಳಗಿನ ಮನೆಗೆ ಧಾರಾಳವಾಗಿ ಬರುತ್ತಿತ್ತು. ಮೇಲಕ್ಕೆ ಏರುತ್ತಿರಲಿಲ್ಲ. ಮೇಲಿನವರಿಗೆಂದು ತಾರಸಿಯಲ್ಲಿ ಒಂದು ಪುಟ್ಟ ಟ್ಯಾಂಕು ಇತ್ತು. ಸಂಪಿನಿಂದ ಅದಕ್ಕೆ ನೀರು ಹತ್ತಿಸುವ ಮೋಟರಿನ ಸ್ವಿಚ್ಚು ಮಾತ್ರ ಕೆಳಗಿನ ಮನೆಯ ಹಾಲಿನಲ್ಲಿ, ಗೋವಿಂದರಾಜುವಿನ ಮರದ ಕುರ್ಚಿಯ ಪಕ್ಕದ ಗೋಡೆಯಲ್ಲಿತ್ತು.

ಅವನು ಬೆಳಿಗ್ಗೆ ಕಾಫಿ ಲೋಟ ಎತ್ತಿದಾಗ ಸ್ವಿಚ್ಚು ಹಾಕುತ್ತಿದ್ದ, ಲೋಟ ಕೆಳಗಿಟ್ಟಾಗ ಆರಿಸುತ್ತಿದ್ದ. ಸಾಯಂಕಾಲವೂ ಅದೇ ಲೆಕ್ಕ. ಕರೆಂಟು ಪುಕ್ಕಟೆ ಬರುತ್ತದೆಯೇ? ನಡುವೆ ಮೇಲಿನಿಂದ, “ಸಾರ್, ಒಂಚೂರು ಮೋಟ್ರು ಹಾಕಿ ಸಾರ್, ಮೈಯೆಲ್ಲಾ ಸೋಪು!” ಎಂದು ಯಾರಾದರೂ ಕೂಗಿಕೊಂಡರೆ ಗೋವಿಂದರಾಜು ಪೇಪರಿನ ಪುಟ ತಿರುವುತ್ತಿದ್ದ. ಹೀಗೆ ಒಂದೇ ವರ್ಷದಲ್ಲಿ ಮೂರು ಬಾಡಿಗೆಯವರು ಬಂದರು, ಮೂವರೂ ಹೋದರು. ಯುಗಾದಿಯಿಂದ ಮನೆ ಖಾಲಿ ಬಿದ್ದಿತ್ತು.

ಅವತ್ತು ಶುಕ್ರವಾರ. ಮನೆ ನೋಡಲು ಯಾರೋ ಬರುವವರಿದ್ದರು. ಪ್ರಮೋದಾ ಕಾಫಿ ಕೊಡುವಾಗಲೇ ಖಡಾಖಂಡಿತವಾಗಿ ಹೇಳಿಬಿಟ್ಟಳು.

“ನೋಡಿ, ಇವತ್ತು ಬರೋರೂ ಒಪ್ಪದೆ ಹೋದ್ರೆ ನಮ್ ಬೈಲಪ್ಪನ್ನ ಬಂದು ಇರು ಅಂತೀನಿ. ಬಾಡಿಗೆ ಕೊಡದಿದ್ರೆ ಬೇಡ, ದೀಪ ಹಚ್ಚೋಕೆ ಜನಾನಾದ್ರೂ ಇರ್ತಾರೆ.”

ಬೈಲಪ್ಪ ಅವಳ ತಮ್ಮ. ಒಂದು ದಿನದ ಮಟ್ಟಿಗೆ ಎಂದು ಇವರ ಮಿಕ್ಸಿ ತೆಗೆದುಕೊಂಡು ಹೋಗಿ ಮೂರು ವರ್ಷವಾಗಿತ್ತು. ಮಿಕ್ಸಿ ಕೊಡದವನು ಮನೆ ಬಿಟ್ಟುಕೊಡುತ್ತಾನೆಯೇ? ಗೋವಿಂದರಾಜು ಅರ್ಧ ಕಾಫಿಗೇ ಲೋಟ ಕೆಳಗಿಟ್ಟ. ಇವತ್ತು ಬರುವವರನ್ನು ಹೇಗಾದರೂ ಮಾಡಿ ಒಪ್ಪಿಸಲೇಬೇಕು ಎಂದುಕೊಂಡ.

ಬಂದವನು ಭಾನುಪ್ರಕಾಶ್ ಎಂಬ ಹುಡುಗ. ದಾಬಸ್‌ಪೇಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಜೊತೆಗೆ ಹೆಂಡತಿ ಶಿಲ್ಪ, ಇಲ್ಲೇ ಹತ್ತಿರದ ಮಧುರೆ ಎಂಬ ಊರಿನಿಂದ ಬಂದಿದ್ದ ತಾಯಿ ಅಮ್ಮಯಮ್ಮ. ಗಂಡ ಹೆಂಡತಿ ಮನೆ ನೋಡಿ ತಲೆಯಾಡಿಸಿದರು. ಅಮ್ಮಯಮ್ಮ ಮಾತ್ರ ಒಂದೊಂದು ಮೆಟ್ಟಿಲಿಗೂ “ಉಸ್ಸಪ್ಪಾ” ಎನ್ನುತ್ತಾ ಹತ್ತಿ, ಇಳಿದು, ಗೇಟಿನಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟಳು.

“ಮನೆ ಏನೋ ಚೆನ್ನಾಗೈತೆ. ಆಗಿಬರ್ತದಾ? ಮೊದ್ಲಿದ್ದೋರು ಯಾಕಪ್ಪಾ ಬಿಟ್ಟು ಹೋದ್ರು?”

ಈ ಪ್ರಶ್ನೆ ಎದುರುಮನೆ ಆಂಜಿನಪ್ಪನ ಕಿವಿಗೂ ಬಿತ್ತು. ಅವನು ಇಡೀ ದಿನ ತನ್ನ ಮನೆ ಮುಂದಿನ ಕಲ್ಲಿನ ಮೇಲೆ ಕೂತು ಬೀದಿಯ ಆಗುಹೋಗು ನೋಡಿಕೊಳ್ಳುತ್ತಿದ್ದ ಮನುಷ್ಯ. ಅವನು ಬಾಯಿ ತೆರೆಯುವುದನ್ನು ಕಂಡು ಗೋವಿಂದರಾಜು ನಡುವೆ ಬಂದು ನಿಂತ. ಅವನಿಗಿಂತ ಮುಂಚೆ ತಾನೇ ನುಗ್ಗಿಬಿಟ್ಟ.

“ಅಯ್ಯೋ, ಆಗಿಬಂದೇ ಹೋದ್ರು ಕಣಮ್ಮ! ಈ ಮನೆಗೆ ಬಂದೋರು ಉದ್ಧಾರ ಆಗ್ಬಿಡ್ತಾರೆ, ಅದೇ ನಮ್ ಕಷ್ಟ. ಮೊದಲ್ನೇಯೋರು ಬಂದು ವರ್ಷ ತುಂಬಿಲ್ಲ, ಸ್ವಂತ ಮನೆ ಕಟ್ಟಿಸ್ಕೊಂಡ್ರು.”

ಆ ಮೊದಲನೆಯವರು ಹಿಂದಿನ ಬೀದಿಯಲ್ಲೇ, ನೀರು ಬರುವ ಇನ್ನೊಂದು ಬಾಡಿಗೆ ಮನೆಯಲ್ಲಿದ್ದರು. ಇದು ಆಂಜಿನಪ್ಪನಿಗೂ ಗೊತ್ತಿತ್ತು. ಆದರೆ ಯಾರಾದರೂ ಕತೆ ಶುರುಮಾಡಿದರೆ ಅದನ್ನು ಒಂಟಿಯಾಗಿ ಬಿಡುವುದು ಅವನ ಜಾಯಮಾನವಲ್ಲ.

“ಎರಡ್ನೇಯೋರ್ದು ಹೇಳು ಗೋವಿಂದಣ್ಣ,” ಎಂದು ಎದ್ದೇ ಬಂದ. “ಎಷ್ಟೋ ವರ್ಷ ಮಕ್ಳಿರಲಿಲ್ಲ ಕಣಮ್ಮ ಅವ್ರಿಗೆ. ಈ ಮೆಟ್ಲು ಹತ್ತಿದ್ದೇ ಹತ್ತಿದ್ದು, ಅವಳಿ ಜವಳಿ! ಇನ್ನು ಮೂರ್ನೇಯೋರ ಮಗಂಗೆ ಸರ್ಕಾರಿ ಕೆಲ್ಸ. ಮನೇಲಿ ಕೂತಿದ್ದೋನ್ಗೆ ಆರ್ಡರ್ ಬಂತು!”

ಮೂರನೆಯವನು ಮದುವೆಯೇ ಆಗದ ಹುಡುಗ. ಅವನಿಗೆ ಮಗ ಎಲ್ಲಿಂದ ಹುಟ್ಟಿದನೋ ಎಂದು ಗೋವಿಂದರಾಜು ಕಕ್ಕಾಬಿಕ್ಕಿಯಾದ. ಅಷ್ಟರಲ್ಲಿ ಅಮ್ಮಯಮ್ಮ ಎರಡೂ ಕೈ ಎತ್ತಿ ಮೇಲಿನ ಮನೆಗೆ ಮುಗಿದಾಗಿತ್ತು.

“ಇವತ್ತೇ ಬಂದ್ಬಿಡ್ತೀವಿ. ಶುಕ್ರವಾರ, ಒಳ್ಳೇ ದಿನ. ಸಂಜೆಗೆ ಹಾಲುಕ್ಕಿಸೋದೇಯ.”

ಎಲೆ ಅಡಿಕೆಯ ಮೇಲೆ ಅಡ್ವಾನ್ಸು ಕೈಗೆ ಬಂತು. ಗೋವಿಂದರಾಜುವಿಗೆ ಬೈಲಪ್ಪನನ್ನು ಗೆದ್ದ ಹುರುಪು. ಆ ಹುರುಪಿನಲ್ಲೇ ಅಮ್ಮಯಮ್ಮನನ್ನು ಒಳಗೆ ಕರೆದು ತನ್ನ ಕುರ್ಚಿ, ಸ್ವಿಚ್ಚು ಎರಡನ್ನೂ ತೋರಿಸಿ ಮನೆಯ ಕಾನೂನು ಹೇಳಿದ.

“ಮೋಟ್ರು ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಒಂದು ಲೋಟ ಕಾಫಿ ಖಾಲಿ ಆಗೋ ತನಕ. ಅದಕ್ಕಿಂತ ಜಾಸ್ತಿ ಓಡಿಸಿದ್ರೆ ಸುಟ್ಟೋಗುತ್ತೆ. ಯಾರು ಕೂಗ್ಕೊಂಡ್ರೂ ಹಾಕೋ ಹಾಗಿಲ್ಲ.”

“ಊಂ ಕಣಪ್ಪಾ, ಮಿಷನ್ನು ಅಂದ್ಮೇಲೆ ನಿಗಾ ಮಾಡ್ಬೇಕು,” ಎಂದು ಅಮ್ಮಯಮ್ಮ ಭಯಭಕ್ತಿಯಿಂದ ಸ್ವಿಚ್ಚು ನೋಡಿದಳು. ಸಾಮಾನು ತರಲು ಮೂವರೂ ಹೊರಟರು.

ಆಂಜಿನಪ್ಪ ಹಾಲಿನ ಡೇರಿಗೆ ಹೋಗಿ ಬಂದ. ಆಮೇಲೆ ಶುರುವಾಯಿತು ನೋಡಿ.

ಮೊದಲು ಬಂದವನು ಪಕ್ಕದ ಬೀದಿಯ ಮಗ್ಗದವನು. ಮಗ ಪಿಯುಸಿಯಲ್ಲಿ ಫೇಲಾಗಿದ್ದಾನೆ, ಮನೆ ತನಗೇ ಕೊಡಬೇಕು ಎಂದ. ಕೊಟ್ಟಾಯಿತು ಎಂದರೆ, ಪರೀಕ್ಷೆ ಮುಗಿಯುವ ತನಕ ಹುಡುಗನನ್ನು ಮೆಟ್ಟಿಲ ಮೇಲಾದರೂ ಓದಿಕೊಳ್ಳಲು ಬಿಡಿ ಎಂದ. ಆಮೇಲೆ ಒಬ್ಬಳು ಸೊಸೆಯನ್ನು ಕರೆತಂದು, ಅವಳನ್ನು ಮೇಲಿನ ಮನೆಯಲ್ಲಿ ಒಂದು ಗಳಿಗೆ ಕೂರಿಸಿಕೊಂಡು ಹೋಗುತ್ತೇವೆ ಎಂದಳು. ಇನ್ನೊಬ್ಬರು ಹೊಸ್ತಿಲಿಗೆ ಕಾಯಿ ಒಡೆದರು. ಆಂಜಿನಪ್ಪ ಎದುರಿಗೆ ನಿಂತು, “ಚಪ್ಲಿ ಅಲ್ಲೇ ಬಿಡಿ, ಒಬ್ಬೊಬ್ರೇ ಹತ್ತಿ,” ಎಂದು ಉಸ್ತುವಾರಿ ಮಾಡತೊಡಗಿದ. ನಡುವೆ ಬೈಲಪ್ಪನ ಫೋನು ಬೇರೆ. “ಭಾವ, ಮಿಕ್ಸಿ ತಂದ್ಕೊಡ್ತೀನಿ, ಆ ಮನೆ ನಂಗೇ ಕೊಡಿ!”

“ಕೊಟ್ಟಾಯ್ತು ಕಣಯ್ಯಾ,” ಎಂದು ಗೋವಿಂದರಾಜು ಬಹಳ ಸಂತೋಷದಿಂದ ಹೇಳಿದ. ಆ ದಿನ ಅವನು ಸಂತೋಷಪಟ್ಟದ್ದು ಅದೇ ಕೊನೆ.

ಏಕೆಂದರೆ ಹೂವು ತರಲು ಪೇಟೆಗೆ ಹೋಗಿದ್ದ ಪ್ರಮೋದಾ ಆಗ ವಾಪಸು ಬಂದಳು. ಹೂವಿನವಳು ಅವಳಿಗೆ ಕತೆಯನ್ನೆಲ್ಲಾ ಹೇಳಿದ್ದಳು. ಅಷ್ಟು ಹೊತ್ತಿಗೆ ಸರ್ಕಾರಿ ಕೆಲಸ ಸಿಕ್ಕಿದವನು ತಹಶೀಲ್ದಾರನೇ ಆಗಿದ್ದ.

“ಊರಿನೋರಿಗೆಲ್ಲಾ ಆಗಿಬರೋ ಮನೆ ತಲೆ ಮೇಲಿಟ್ಕೊಂಡು ನಮ್ಮನ್ನ ಇಷ್ಟು ವರ್ಷ ಕೆಳಗೆ ಕೂರಿಸಿದ್ರಲ್ಲಾ, ನಿಮಗೆ ಮನಸ್ಸಾದ್ರೂ ಹೆಂಗೆ ಬಂತು?” ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ನಮ್ ಸಿಂಧು ಸರ್ಕಾರಿ ಕೆಲ್ಸಕ್ಕೇಂತ ಎಷ್ಟು ಸಲ ಪರೀಕ್ಷೆ ಬರೆದ್ಲು! ಒಂದು ಸಲ ಅರ್ಧ ಮಾರ್ಕಲ್ಲಿ ಹೋಯ್ತು. ನಡೀರಿ, ನಾವು ಮೇಲೆ ಹೋಗೋಣ. ಬರೋರು ಕೆಳಗಿರ್ಲಿ.”

ಗೋವಿಂದರಾಜು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ. “ಅದೆಲ್ಲಾ ಸುಳ್ಳು ಕಣೇ.”

“ಸುಳ್ಳಾದ್ರೆ ಅವ್ರೆಲ್ಲಾ ಯಾಕೆ ಹೋದ್ರು?”

“ನೀರಿಲ್ಲಾಂತ ಹೋದ್ರು.”

“ನೀರು ಯಾರು ಬಿಡ್ತಿರ್ಲಿಲ್ಲ?”

ಗೋವಿಂದರಾಜು ಗೋಡೆಯ ಕ್ಯಾಲೆಂಡರು ನೋಡಿದ.

“ಸರಿ ಹಂಗಾದ್ರೆ,” ಎಂದಳು ಪ್ರಮೋದಾ, ಕಣ್ಣೊರೆಸಿಕೊಂಡು. “ಸುಳ್ಳು ಅಂತ ಆ ಅಮ್ಮಂಗೆ ನಾನೇ ಹೇಳ್ಬಿಡ್ತೀನಿ. ಅವ್ರು ಬಿಟ್ಟುಹೋದ್ರೆ ಹೋಗ್ಲಿ, ಬೈಲಪ್ಪ ಹೆಂಗೂ ಕೇಳ್ತಾವ್ನೆ. ಈಗ ಹೇಳಿ, ಆಗಿಬರುತ್ತೋ, ಇಲ್ವೋ?”

ಗೋವಿಂದರಾಜುವಿನ ಕಣ್ಣ ಮುಂದೆ ಮಿಕ್ಸಿ ಹಿಡಿದು ಮೆಟ್ಟಿಲು ಹತ್ತುತ್ತಿರುವ ಬೈಲಪ್ಪ ಬಂದು ನಿಂತ.

“ಆಗಿಬರುತ್ತೆ,” ಎಂದ, ಸಣ್ಣ ದನಿಯಲ್ಲಿ.

ಸಿಂಧುವನ್ನು ಕೇಳಿದರೆ ಅವಳು ಫೋನಿನಿಂದ ತಲೆಯೆತ್ತದೆ, “ಅದೃಷ್ಟ ಗಿದೃಷ್ಟ ನಂಗೊತ್ತಿಲ್ಲಪ್ಪಾ. ಮೇಲೆ ಗಾಳಿ ಚೆನ್ನಾಗಿ ಬರುತ್ತೆ, ನೆಟ್‌ವರ್ಕೂ ಸಿಗುತ್ತೆ,” ಎಂದಳು. ಉಳಿದದ್ದು ಅಮ್ಮಯಮ್ಮ. ಆಗಿಬರುವ ಮನೆಗೆಂದೇ ಅಡ್ವಾನ್ಸು ಕೊಟ್ಟವಳು ಹೇಗೂ ಒಪ್ಪಲಾರಳು ಎಂದು ಗೋವಿಂದರಾಜು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದ. ಸಾಮಾನಿನ ಗಾಡಿ ಬಂದು ನಿಂತಿತು. ಪ್ರಮೋದಾ ಮನೆ ಅದಲುಬದಲು ಮಾಡುವ ವಿಷಯ ಹೇಳಿದಳು.

“ನೀನು ನೂರು ಕಾಲ ಬಾಳವ್ವ!” ಎಂದಳು ಅಮ್ಮಯಮ್ಮ. “ನನ್ ಮಂಡಿಗೆ ಆ ಮೆಟ್ಲು ಹತ್ತೋದೇ ಆಗಲ್ಲ, ಹೆಂಗಪ್ಪಾ ಹೇಳೋದು ಅಂತಿದ್ದೆ. ಎರಡಕ್ಕೂ ಒಂದೇ ಅಡಿಪಾಯ ಅಲ್ವಾ? ಮೇಲಿಂದ ಅಷ್ಟೋ ಇಷ್ಟೋ ಇಳ್ಕೊಂಡೇ ಬರ್ತದೆ.”

ಅದೃಷ್ಟದ ಮನೆಗೆ ಸಾಮಾನು ಹೊತ್ತರೆ ತಮಗೂ ಒಂದಿಷ್ಟು ಅಂಟಲಿ ಎಂದು ಬೀದಿಯವರೆಲ್ಲಾ ಕೈಹಾಕಿದರು. ನೋಡನೋಡುತ್ತಿದ್ದ ಹಾಗೆ ಬೀರು, ಮಂಚ, ದೇವರ ಫೋಟೋ ಮೇಲೇರಿದವು. ಗೋವಿಂದರಾಜುವಿನ ಮರದ ಕುರ್ಚಿ ಮಾತ್ರ ಏರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಆಂಜಿನಪ್ಪ ಅದನ್ನು ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗಾಗಿ ಹಿಡಿಸಿ ನೋಡಿ ಕೈಚೆಲ್ಲಿದ.

“ಇದು ಕೆಳಗಿನ ಮನೇದೇ ಗೋವಿಂದಣ್ಣ. ಅಲ್ಲೇ ಇರ್ಲಿ ಬಿಡು.”

ಕುರ್ಚಿ ವಾಪಸು ಸ್ವಿಚ್ಚಿನ ಪಕ್ಕಕ್ಕೆ ಹೋಯಿತು. ಅಮ್ಮಯಮ್ಮ ಅದರಲ್ಲಿ ಕೂತು ಕಾಲು ಚಾಚಿದಳು.

ದೀಪ ಹಚ್ಚುವ ಹೊತ್ತು. ಮೇಲಿನ ಮನೆಯನ್ನು ಪ್ರಮೋದಾ ಮೂಲೆಮೂಲೆಗೂ ನೀರು ಹುಯ್ದು ತೊಳೆದಿದ್ದಳು. ಹೊಸ ಪಾತ್ರೆಯಲ್ಲಿ ಹಾಲು ಒಲೆಯ ಮೇಲೇರಿತ್ತು. “ಬೇಗ ಸ್ನಾನ ಮಾಡ್ಕೊಂಡ್ ಬನ್ನಿ, ಹಾಲು ಉಕ್ಕೋ ಹೊತ್ತಿಗೆ ಇಲ್ಲಿರ್ಬೇಕು,” ಎಂದು ಗಂಡನನ್ನು ಬಚ್ಚಲಿಗೆ ಅಟ್ಟಿದಳು. ಗೋವಿಂದರಾಜು ಇಡೀ ದಿನದ ಕೋಪವನ್ನೆಲ್ಲಾ ಸೋಪಿನ ಮೇಲೆ ತೀರಿಸಿಕೊಂಡು ತಲೆಯಿಂದ ಕಾಲಿನವರೆಗೆ ನೊರೆ ಬರಿಸಿ ನಲ್ಲಿ ತಿರುಗಿಸಿದ.

ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಅವನು ಕಣ್ಣು ಮುಚ್ಚಿಕೊಂಡೇ ಕಿಟಕಿ ಹುಡುಕಿ ಬಾಯಿಟ್ಟ. ತಾನು ಏನು ಕೂಗುತ್ತಿದ್ದೇನೆ ಎಂಬುದು ಕೂಗಿದ ಮೇಲೆಯೇ ಅವನಿಗೆ ಗೊತ್ತಾದದ್ದು.

“ಅಮ್ಮಾ, ಒಂಚೂರು ಮೋಟ್ರು ಹಾಕಿ ಅಮ್ಮಾ, ಮೈಯೆಲ್ಲಾ ಸೋಪು!”

“ಆಗ್ಲೇ ಹಾಕಿದ್ನಲ್ಲಪ್ಪಾ!” ಎಂದು ಕೆಳಗಿನಿಂದ ಉತ್ತರ ಬಂತು. “ನಿನ್ ಲೆಕ್ಕದಂಗೇ ಒಂದು ಲೋಟ. ನಾನು ಕಾಫಿ ಕುಡಿಯಲ್ಲ, ಮಜ್ಜಿಗೆ ಕುಡ್ದೆ. ಒಂದೇ ಗುಟುಕಿಗೆ ಮುಗೀತು, ಆರಿಸ್ದೆ.”

“ಮಜ್ಜಿಗೆ ಲೆಕ್ಕ ಅಲ್ಲಮ್ಮಾ! ಇನ್ನೊಂದು ಸಲ ಹಾಕಿ!”

“ಅಯ್ಯಯ್ಯೋ, ಬ್ಯಾಡಪ್ಪಾ! ಯಾರು ಕೂಗ್ಕೊಂಡ್ರೂ ಹಾಕ್ಬ್ಯಾಡ ಅಂತ ನೀನೇ ಹೇಳಿದ್ದೀಯ. ಮೋಟ್ರು ಸುಟ್ಟೋದ್ರೆ ಬಂದ ದಿನಾನೇ ನಮ್ ತಲೆಗೆ ಬರ್ತದೆ.”

ಕುರ್ಚಿ ಕಿರ್ರೆಂದಿತು. ಅಮ್ಮಯಮ್ಮ ಹಿಂದಕ್ಕೊರಗಿರಬೇಕು. ಒಳಗೆ ಹಾಲು ಉಕ್ಕಿತೆಂದು ಪ್ರಮೋದಾ, ಸಿಂಧು ಚಪ್ಪಾಳೆ ತಟ್ಟಿದರು. ಕಣ್ಣುರಿಯಿಂದ ಅಳು ಬಂದಂತಾಗಿ ಗೋವಿಂದರಾಜು ಬಕೀಟಿನ ತಳ ತಡವುತ್ತಾ ನಿಂತ.

ಬೀದಿಯಲ್ಲಿ ಯಾರೋ ಬೈಕು ನಿಲ್ಲಿಸಿ, ಮೇಲಿನ ಮನೆ ಬಾಡಿಗೆಗಿದೆಯಂತಲ್ಲ ಎಂದು ಆಂಜಿನಪ್ಪನನ್ನು ಕೇಳುತ್ತಿದ್ದುದು ಬಚ್ಚಲಿನ ಕಿಟಕಿಗೆ ಸ್ಪಷ್ಟವಾಗಿ ಕೇಳಿಸಿತು.

“ಇವತ್ತು ತುಂಬ್ತು ಗುರು,” ಎಂದ ಆಂಜಿನಪ್ಪ. “ಆದ್ರೂ ನಂಬರ್ ಕೊಟ್ಟು ಹೋಗು. ಇವ್ರೂ ಬಹಳ ದಿನ ಇರೋ ಹಂಗೆ ಕಾಣಲ್ಲ.”