ಗಣಪತಿಯಿಂದ ನೈಟ್ರಸ್ ಆಮ್ಲದವರೆಗೆ

ಹೆಸರು ನೆನಪಿಟ್ಟುಕೊಳ್ಳುವ ವಿಷಯದಲ್ಲಿ ನಾನು ಹುಟ್ಟಾ ದಡ್ಡ. ಮದುವೆಮನೆಯಲ್ಲಿ ಪರಿಚಯವಾದ ಷಡ್ಡಕನ ಹೆಸರು ಪಾಯಸ ಬರುವಷ್ಟರಲ್ಲಿ ಮರೆತಿರುತ್ತದೆ. ಇಂಥವನ ಕೊರಳಿಗೆ ಆಮ್ಲಗಳ ಹೆಸರು ಕಟ್ಟಿದರೆ ಏನಾದೀತು ಹೇಳಿ! ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಹಂಗಾಮಿ ಮಾಸ್ತರ. ಎರಡನೇ ಮಹಾಯುದ್ಧದ ಕಾಲ. ವಿಜ್ಞಾನದ ಮಾಸ್ತರರು ಸೈನ್ಯದ ನೌಕರಿ ಹಿಡಿದು ಪುಣೆಗೆ ಹೋದರು. ಹೆಡ್‌ಮಾಸ್ತರರು ನನ್ನನ್ನು ಕರೆದು, "ರಸಾಯನಶಾಸ್ತ್ರ ನೀವೇ ನೋಡ್ಕಳಿ. ನಿಮ್ಮ ಇತಿಹಾಸದ ಹಾಗೇ, ಅಲ್ಲೂ ಬರೀ ಹೆಸರುಗಳು" ಎಂದರು. ಅದು ಸುಳ್ಳೂ ಅಲ್ಲ. ಯುದ್ಧದ ದೆಸೆಯಿಂದ ಮುಂಬಯಿಯಿಂದ ಆಮ್ಲದ ಬಾಟಲಿಗಳು ಬರುವುದು ನಿಂತಿತ್ತು. ನಮ್ಮ ಪಾಲಿಗೆ ಉಳಿದದ್ದು ಸುಡದ, ವಾಸನೆಯೂ ಇಲ್ಲದ, ಬರೀ ಹೆಸರಿನ ಆಮ್ಲಗಳು.

ಆ ಹೆಸರುಗಳಿಗೊಂದು ಕಟ್ಟಳೆಯಿದೆ. ಅಯಾನಿನ, ಅಂದರೆ ವಿದ್ಯುದಂಶ ಹೊತ್ತ ಕಣದ, ಹೆಸರಿನ ಬಾಲ 'ಏಟ್' ಆದರೆ ಆಮ್ಲದ ಹೆಸರಿನ ಬಾಲ 'ಇಕ್': ಸಲ್ಫೇಟಿನಿಂದ ಸಲ್ಫ್ಯೂರಿಕ್. ಆಕ್ಸಿಜನ್ ತುಸು ಕಡಿಮೆಯಾಗಿ ಬಾಲ 'ಐಟ್' ಆಯಿತೋ, ಆಮ್ಲ 'ಅಸ್': ಸಲ್ಫೈಟಿನಿಂದ ಸಲ್ಫ್ಯೂರಸ್. ಆಕ್ಸಿಜನ್ನೇ ಇಲ್ಲದ ಕ್ಲೋರೈಡಿನಂಥ ಬಡವನಿಗೆ ಮುಂದೆ 'ಹೈಡ್ರೊ', ಹಿಂದೆ 'ಇಕ್': ಹೈಡ್ರೊಕ್ಲೋರಿಕ್. ಮನೆಯಲ್ಲಿ ಕೂತು ಓದಿದರೆ ಎಲ್ಲ ಸರಿ. ಬೋರ್ಡಿನ ಮುಂದೆ ನಿಂತೆನೋ, ಒಬ್ಬನ ಬಾಲ ಇನ್ನೊಬ್ಬನಿಗೆ! ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಧಾರವಾಡದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ, ಪಾಠ ಒಪ್ಪಿಗೆಯಾದರೆ ಮಾತ್ರ ನೌಕರಿ ಖಾಯಂ ಎಂದು ತಿಳಿದ ದಿನ ನನ್ನ ನಗು ನಿಂತಿತು. ನೌಕರಿ ಹೋದರೆ ಬಾಡ ಎಂಬ ಹಳ್ಳಿಯಲ್ಲಿರುವ ಮಾವನ ಎಣ್ಣೆಗಾಣವೇ ಗತಿ. ಮಾವ ಒಳ್ಳೆಯವರೇ, ಆದರೆ ಗಾಣದ ಎತ್ತಿಗೂ ಅಳಿಯನಿಗೂ ಒಂದೇ ದನಿಯಲ್ಲಿ ಮಾತಾಡುವವರು.

ಹೆಂಡತಿ ಮಾದೇವಿ ಒರಳಲ್ಲಿ ಅಕ್ಕಿ ಕುಟ್ಟುತ್ತಿದ್ದವಳು ನನ್ನ ಗೊಣಗಾಟ ಕೇಳಿ ಒನಕೆ ನಿಲ್ಲಿಸಿದಳು. "ಎಂತ ಅದು? ಯಾರಿಗೆ ಬೈತ್ರಿ?"

"ಬೈಯುವುದಲ್ಲ ಮಾರಾಯ್ತಿ, ಬಾಯಿಪಾಠ."

"ಬರೀ ಬಾಯಲ್ಲಿ ಹೇಳಿದ್ರೆ ಎಂತ ಉಳೀತದೆ? ಹಾಡು ಕಟ್ಬೇಕು. ಹೇಳಿ, ಯಾರು ಅಣ್ಣ, ಯಾರು ತಮ್ಮ?"

ಅವಳ ತಾಯಿ, ಅಜ್ಜಿ ಎಲ್ಲರೂ ಹಾಡುವವರೇ. ನಾನು ಹೇಳುತ್ತ ಹೋದೆ, ಅವಳು ಒನಕೆಯ ಪೆಟ್ಟಿಗೆ ಕೂಡಿಸುತ್ತ ಹೋದಳು:

ಏಟು ಎಂಬ ಅಣ್ಣನು ಇಕ್ಕಿನ ಮನೆಗೆ ಹೋದನು
ಐಟು ಎಂಬ ತಮ್ಮನು ಅಸ್ಸಿನ ಮನೆಗೆ ಹೋದನು
ಐಡು ಎಂಬ ಬಡವನು ಹೈಡ್ರೊ ರುಮಾಲು ಸುತ್ತಿ
ಇಕ್ಕಿನ ಬಾಲವ ತೊಟ್ಟನು

ಅಕ್ಕಿ ಮುಗಿಯುವಷ್ಟರಲ್ಲಿ ಕ್ಲೋರಿನ್, ಗಂಧಕ, ನೈಟ್ರೋಜನ್ ಮೂರರ ಸಂಸಾರವೂ ಹಾಡಾಗಿತ್ತು. ಮೊದಲಿಗೆ ಗಣಪತಿಯ ನುಡಿ ಸೇರಿಸಿದಳು. ಅದಿಲ್ಲದೆ ನಮ್ಮ ಕಡೆ ಯಾರೂ ಹಾಡು ಎತ್ತುವುದಿಲ್ಲ. ನಾನು ಹುಡುಗರಿಗೂ ಕಲಿಸಿದೆ.

ಸಾಹೇಬರು ಬಂದರು. ಹುಡುಗರನ್ನು ಬಿಟ್ಟು ನೇರ ನನ್ನನ್ನೇ ಕೇಳಿದರು: "ಮಾಸ್ತರೇ, ನೈಟ್ರೈಟಿನ ಆಮ್ಲ ಯಾವುದು?"

ಅಯ್ಯೋ ದೇವರೇ! ನೈಟ್ರೈಟ್ ಇರುವುದು ಹಾಡಿನ ಕಟ್ಟಕಡೆಗೆ. ಹಾಡಿನಿಂದ ಕಲಿತವನಿಗೆ ನಡುವೆ ಇಳಿಯುವ ದಾರಿಯೇ ಇಲ್ಲ. ಗಾಣದ ಎತ್ತು ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ, "ಮೊದಲಿಗೆ ನೆನೆವೆನು ಬೆನಕನ" ಎಂದು ಶುರುಮಾಡಿಯೇ ಬಿಟ್ಟೆ. ಒಬ್ಬರು ಎತ್ತಿದ ಸಾಲನ್ನು ಉಳಿದವರು ತಿರುಗಿ ಹೇಳುವುದು ನಮ್ಮ ರೂಢಿ. ಇಡೀ ತರಗತಿ ಮೇಜು ಕುಟ್ಟುತ್ತ ದನಿಗೂಡಿಸಿತು. ಬಾಗಿಲಲ್ಲಿ ಹೆಡ್‌ಮಾಸ್ತರರು ಬೆವರು ಒರೆಸಿಕೊಳ್ಳುತ್ತಿದ್ದರು. ಅಣ್ಣತಮ್ಮಂದಿರೆಲ್ಲ ಅವರವರ ಮನೆ ಸೇರಿದ ಮೇಲೆ, ಏದುಸಿರಿನಲ್ಲಿ "ನೈಟ್ರಸ್ ಆಮ್ಲ, ಸಾಹೇಬರೇ" ಎಂದೆ.

ಸಾಹೇಬರು ಕನ್ನಡಕ ತೆಗೆದರು. "ಉತ್ತರ ಸರಿ. ಆದರೆ ಗಣಪತಿಗೆ ಆಕ್ಸಿಜನ್ ಎಷ್ಟು?" ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಜೀವ ಬಂತು. ಹೋಗುವಾಗ, "ನಿಮ್ಮನ್ನು ಖಾಯಂ ಮಾಡುತ್ತೇನೆ. ಬರುವ ವರ್ಷ ಹೆಸರಿನ ಮುಂದೆ ಕೂಡುವ 'ಹೈಪೊ' ಮತ್ತು 'ಪರ್' ಎಂಬ ದಾಯಾದಿಗಳನ್ನೂ ಕೇಳುತ್ತೇನೆ" ಎಂದರು.

ಸಂತೋಷದಿಂದ ಮನೆಗೆ ಓಡಿ ಎಲ್ಲ ಹೇಳಿದೆ. ಮಾದೇವಿ, "ಆತು, ಅವಕ್ಕೂ ಹಾಡು ಕಟ್ವಾ. ಅವಸರ ಎಂತದು?" ಎನ್ನುತ್ತ ಊಟಕ್ಕೆ ಬಡಿಸಿದಳು. ಮೀನುಸಾರಿಗೆ ಉಪ್ಪು ಎರಡು ಪಾಲು ಬಿದ್ದಿತ್ತು. ಉಪ್ಪೆಂದರೆ ಸೋಡಿಯಂ ಕ್ಲೋರೈಡ್ ಎಂಬುದು ಈಗ ನನಗೆ ನಿದ್ದೆಯಲ್ಲೂ ಗೊತ್ತು. ಆದರೂ ಅವಳ ಹಾಡಿನಿಂದ ಖಾಯಂ ಮಾಸ್ತರನಾದ ನಾನು, "ಸಾರು ಬಹಳ ಚೆನ್ನಾಗಿದೆ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ.