ಜಗುಲಿಗಾಗಿ ಒಂದು ಮೇಲ್ಮನವಿ

ಸರ್ಕಾರಿ ಕಾಗದ ಕಂಡರೆ ಹೆದರುವವರಿದ್ದಾರೆ. ಹೆದರದೆ ಅದನ್ನು ನಾಲ್ಕು ಮಡಿಕೆ ಮಾಡಿ ಟೀವಿಯ ಮೇಲಿಟ್ಟು ಮರೆತುಬಿಡುವ ಪುಣ್ಯವಂತರೂ ಇದ್ದಾರೆ. ನಾನು ಈ ಎರಡೂ ಗುಂಪಿಗೆ ಸೇರಿದವನಲ್ಲ. ಕಚೇರಿಯ ಕಾಗದ ಕೈಗೆ ಬಂದರೆ ನನಗೆ ಮೈಯಲ್ಲಿ ಒಂದು ಥರದ ಹುರುಪು ಏಳುತ್ತದೆ. ಎಲ್ಲರೂ ಮೇಲಿನಿಂದ ಓದಿದರೆ ನಾನು ಕೆಳಗಿನಿಂದ ಓದುತ್ತೇನೆ. ಏಕೆಂದರೆ ಕೊನೆಯ ಸಾಲಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, 'ಈ ಆದೇಶದಿಂದ ಬಾಧಿತರಾದವರು ಮೇಲ್ಮನವಿ ಸಲ್ಲಿಸಬಹುದು' ಎಂದು ಇರುತ್ತದೆ. ಅದನ್ನು ಓದಿದ ಮೇಲೆಯೇ ನನಗೆ ಆದೇಶ ಏನೆಂಬ ಕುತೂಹಲ ಹುಟ್ಟುವುದು. "ನಿಮಗೆ ಲಗ್ನಪತ್ರಿಕೆ ಬಂದ್ರೂ ಕೆಳಗಡೆ ಮೇಲ್ಮನವಿ ಎಲ್ಲಿದೆ ಅಂತ ಹುಡುಕ್ತೀರಿ" ಎಂದು ನನ್ನ ಹೆಂಡತಿ ಸಾವಿತ್ರಿ ಹೇಳುತ್ತಾಳೆ. ನಮ್ಮ ಲಗ್ನಪತ್ರಿಕೆಯಲ್ಲೇ ಹುಡುಕಬೇಕಿತ್ತು ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತೇನೆ, ಬಾಯಲ್ಲಿ ಅನ್ನುವುದಿಲ್ಲ. ಅವಳ ತೀರ್ಪಿನ ಮೇಲೆ ಹೋಗಲು ಯಾವ ಪ್ರಾಧಿಕಾರವೂ ಇಲ್ಲ.

ನಾನು ಬೆಸಗರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಒಮ್ಮೆ ನಮ್ಮ ಹೆಡ್ಮಾಸ್ತರು ನನ್ನ ರಜೆ ಅರ್ಜಿಯನ್ನು ತಿರಸ್ಕರಿಸಿದರು. ನಾನು ಬಿಟ್ಟೇನೆ? ಮೇಲಿನವರಿಗೆ ಬರೆದೆ, ಅವರಿಗಿಂತ ಮೇಲಿನವರಿಗೂ ಬರೆದೆ. ರಜೆ ಮಂಜೂರಾಗಿ ಆದೇಶ ಬರುವ ಹೊತ್ತಿಗೆ ಬೇಸಿಗೆ ರಜೆ ಶುರುವಾಗಿ ಸ್ಕೂಲಿಗೆ ಬೀಗ ಬಿದ್ದಿತ್ತು. ಆದರೂ ಆ ಆದೇಶವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕೆಂದಿದ್ದೆ, ಸಾವಿತ್ರಿ ಮೊಳೆ ಹೊಡೆಯಲು ಬಿಡಲಿಲ್ಲ. ಇಂಥ ನನಗೆ ನಮ್ಮೂರ ಪಂಚಾಯ್ತಿಯಿಂದ ಜಗುಲಿ ಒಡೆಯುವ ನೋಟಿಸು ಬಂತು.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ ಇದೆ. ಮನೆ ರಸ್ತೆಗೇ ಮುಖ ಮಾಡಿಕೊಂಡಿದೆ. ಮನೆ ಮುಂದೆ ಅಪ್ಪ ಕಟ್ಟಿಸಿದ ಉದ್ದನೆಯ ಕಲ್ಲುಚಪ್ಪಡಿ ಜಗುಲಿ, ಅದರ ಮೇಲೆ ಹೆಂಚಿನ ಇಳಿಮಾಡು. ಬಸ್ಸುಗಳು ಅಲ್ಲೇ ನಿಲ್ಲುತ್ತವೆ. ಊರಿಗೆ ತಂಗುದಾಣ ಎಂಬುದು ಬೇರೆ ಇಲ್ಲದ್ದರಿಂದ ಬಸ್ಸಿಗೆ ಕಾಯುವವರು, ಡೈರಿಗೆ ಹಾಲಿನ ಕ್ಯಾನು ಹೊತ್ತು ಹೋಗುವವರು, ಮನೆಯಲ್ಲಿ ಬೈಸಿಕೊಂಡು ಬಂದವರು, ಎಲ್ಲರೂ ಅಲ್ಲೇ ಕೂರುತ್ತಾರೆ. ನಮ್ಮವ್ವ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಅವರ ನಡುವೆ ಕೂತಿರುತ್ತಾಳೆ. ಪೂರಿಗಾಲಿಯಿಂದ ಮದುವೆಯಾಗಿ ಬಂದವಳು, ಈಗ ಮಂಡಿನೋವು, ನಡೆದು ಎಲ್ಲಿಗೂ ಹೋಗಲಾರಳು. ಆದರೆ ಯಾರ ಮನೆಯ ಎಮ್ಮೆ ಈಯಿತು, ಯಾರ ಮಗಳಿಗೆ ಗಂಡು ಬಂತು ಎಂಬ ಸುದ್ದಿಯೆಲ್ಲ ಆ ಕಂಬದ ಹತ್ತಿರಕ್ಕೇ ನಡೆದುಬರುತ್ತದೆ. ಚರಂಡಿಗೆ ಅಡ್ಡ ಬಂದಿದೆ, ರಸ್ತೆ ಒತ್ತುವರಿಯಾಗಿದೆ, ಆದ್ದರಿಂದ ಜಗುಲಿಯನ್ನು ತೆರವುಗೊಳಿಸತಕ್ಕದ್ದು ಎಂದು ನೋಟಿಸಿನಲ್ಲಿತ್ತು. ಅವ್ವ ಅದನ್ನು ಕೇಳಿ ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಈ ನೋಟಿಸು ಕೊಟ್ಟ ಪಂಚಾಯ್ತಿಯ ಪಿಡಿಒ ಒಬ್ಬ ಒಳ್ಳೆಯ ಹುಡುಗ. ದಿನಾ ಮದ್ದೂರಿನಿಂದ ಬಂದುಹೋಗುತ್ತಾನೆ. ಸಂಜೆ ಬಸ್ಸಿಗೆ ಕಾಯುವುದೂ ನಮ್ಮ ಜಗುಲಿಯ ಮೇಲೆಯೇ. ನೋಟಿಸು ಕೊಡಲು ಬಂದಾಗಲೂ ಅಲ್ಲೇ ಕೂತು, ಅವ್ವ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ಬ್ಯಾಗಿನಿಂದ ಕಾಗದ ತೆಗೆದ. "ಮೇಲಿಂದ ಒತ್ತಡ ಸರ್, ನಂದೇನಿಲ್ಲ" ಎಂದ. ನಾನು ಕಣ್ಣು ಕೆಂಪು ಮಾಡಿಕೊಂಡು, "ಮಂಡ್ಯದಲ್ಲಿ ನೋಡಿಕೊಳ್ತೀನಿ" ಎಂದೆ. "ನೋಡ್ಕಳಿ ಸರ್, ಒಳ್ಳೇದಾಗ್ಲಿ" ಎಂದು ಮನಸಾರೆ ಹಾರೈಸಿದ. ಹೀಗೆ ಹಾರೈಸುವ ಎದುರಾಳಿಯ ಮೇಲೆ ಸಿಟ್ಟು ಉಳಿಸಿಕೊಳ್ಳಲು ಎಷ್ಟು ಕಷ್ಟವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಮಂಡ್ಯದಲ್ಲಿ ನನ್ನ ಹಳೆಯ ವಿದ್ಯಾರ್ಥಿ ನಿಂಗರಾಜು ವಕೀಲನಾಗಿದ್ದಾನೆ. ಶಾಲೆಯಲ್ಲಿ ಅವನಿಗೆ ಪ್ರಮೇಯಗಳು ಬಾಯಿಪಾಠ ಬರುತ್ತಿದ್ದವು, ಏನನ್ನು ಸಾಧಿಸಬೇಕೆಂಬುದು ಮಾತ್ರ ಗೊತ್ತಿರುತ್ತಿರಲಿಲ್ಲ. ವಕೀಲಿಕೆಗೆ ಹೇಳಿ ಮಾಡಿಸಿದ ತಲೆ. ಅವನು ಮೇಲ್ಮನವಿ ಬರೆದು, ವಿಚಾರಣೆ ಮುಗಿಯುವ ತನಕ ಜಗುಲಿ ಮುಟ್ಟಬಾರದೆಂದು ತಡೆಯಾಜ್ಞೆಯನ್ನೂ ತಂದುಕೊಟ್ಟ. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದ: "ಸಾ, ಕಟ್ಟಿದ್ದು ನಿಮ್ಮಪ್ಪಾರು ಅಂದ್ರೆ ಸಾಲಲ್ಲ. ಸ್ವಾಧೀನ ಅನ್ನೋದು ಬೇಕು. ಅದರ ಮೇಲೆ ನೀವು ಬುಟ್ರೆ ಬ್ಯಾರೆ ಯಾರೂ ಕುಂತಿರ್ಬಾರ್ದು."

"ಊರೆಲ್ಲ ಕೂರುತ್ತಲ್ಲೋ ನಿಂಗರಾಜು."

"ಇವತ್ತಿಂದ ಎಬ್ಸಿ ಸಾ. ವಿಚಾರಣೆ ಒತ್ಗೆ ಖಾಲಿ ಇರ್ಬೇಕು."

ನಾನು ಹುರುಪಿನಿಂದಲೇ ಶುರು ಮಾಡಿದೆ. 'ಇದು ಖಾಸಗಿ ಜಗುಲಿ, ಯಾರೂ ಕೂರಕೂಡದು' ಎಂದು ಒಂದು ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ಕಂಬಕ್ಕೆ ಕಟ್ಟಿದೆ. ಜನ ಬಂದು ಕೂತು, ನಿಧಾನವಾಗಿ ಅದನ್ನು ಓದಿ, ಅಕ್ಷರ ಚೆನ್ನಾಗಿದೆ ಎಂದು ಹೊಗಳಿದರು. ಒಬ್ಬ ತನ್ನ ಊಟದ ಬ್ಯಾಗನ್ನು ಅದಕ್ಕೇ ನೇತುಹಾಕಿದ. ಮಾರನೆಯ ದಿನ ಹಲಗೆ ಅಲ್ಲಿರಲಿಲ್ಲ. ಹಿತ್ತಲಿನಲ್ಲಿ ಅವ್ವ ಅದನ್ನು ನೀರಿನ ತೊಟ್ಟಿಗೆ ಮುಚ್ಚಿದ್ದಳು. "ಬಾಗ್ಲಲ್ಲಿ ಇಂಥ ಮಾತು ಬರೀತಾರೇನ್ಲಾ? ಓದಿದೋನು ಅಂತೀಯಲ್ಲ, ಮಾನ ಇಲ್ವಾ?" ಎಂದು ಕೇಳಿದಳು. ಅವಳಿಗೆ ಜಗುಲಿ ಒಡೆಯುವುದು ಸಂಕಟ, ಜಗುಲಿಯಿಂದ ಜನರನ್ನು ಎಬ್ಬಿಸುವುದು ಅದಕ್ಕಿಂತ ದೊಡ್ಡ ಸಂಕಟ.

ಹಾಗಾದರೆ ಬಾಯಿ ಮಾತಿನಲ್ಲೇ ಎಬ್ಬಿಸೋಣ ಎಂದು ಒಂದು ಭಾನುವಾರ ಹೊರಗೆ ಬಂದೆ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು ಆಗಷ್ಟೇ ಕೂತಿದ್ದಳು. ಗಂಟಲು ಸರಿಮಾಡಿಕೊಂಡು, ಹುಬ್ಬು ಗಂಟು ಹಾಕಿ, "ಏನಮ್ಮಾ" ಎಂದೆ. ಆಕೆ ತಲೆಯೆತ್ತಿ ನೋಡಿದಳು. "ನೀರು ಬೇಕೇನಮ್ಮಾ?" ಎಂದು ನನ್ನ ಬಾಯಿ ಕೇಳಿತು. ನಾನು ಕೇಳಲಿಲ್ಲ, ಬಾಯಿಯೇ ಕೇಳಿತು. ನೀರು ತಂದುಕೊಟ್ಟೆ. ಮಗುವಿಗೆ ಬಿಸ್ಕತ್ತನ್ನೂ ಕೊಟ್ಟೆ. ಒಳಗಿನಿಂದ ಸಾವಿತ್ರಿ, "ಇನ್ನೂ ಒಬ್ಬರನ್ನ ಎಬ್ಬಿಸಿ, ಅಷ್ಟೊತ್ತಿಗೆ ಅನ್ನ ಆಗುತ್ತೆ" ಎಂದಳು.

ಅಂತೂ ವಿಚಾರಣೆಯ ದಿನ ಬಂತು. ಅದಕ್ಕೆ ಮುಂಚೆ ಅದು ಬಂದು ಬಂದು ಮುಂದಕ್ಕೆ ಹೋಗಿದ್ದನ್ನು ಇಲ್ಲಿ ವರ್ಣಿಸುವುದಿಲ್ಲ. ಪ್ರತಿ ಸಲವೂ ನಾವು ಮದ್ದೂರಿನಲ್ಲಿ ಇಳಿದು ವಡೆ ತಿಂದು ಬರುತ್ತಿದ್ದುದರಿಂದ ಅವ್ವನಿಗೆ ಮೇಲ್ಮನವಿ ಎಂದರೆ ಹಾಗೆ ವಡೆ ತಿನ್ನಲು ಹೋಗುವುದು ಎಂಬ ತಿಳಿವಳಿಕೆ ಬಂದಿತ್ತು. ಸಾಕ್ಷಿಗೆಂದು ಕರೀಗೌಡರನ್ನು ಒಪ್ಪಿಸಿದ್ದೆ. ಪಕ್ಕದ ಬೀದಿಯ ಹಿರಿಯರು, ದೊಡ್ಡ ಮೀಸೆ, ಮಾತು ಖಡಕ್ಕು. 'ಆ ಜಗುಲಿಯ ಮೇಲೆ ಹೊರಗಿನವರು ಯಾರೂ ಕೂರುವುದಿಲ್ಲ' ಎಂದಷ್ಟೇ ಹೇಳಬೇಕೆಂದು ನಿಂಗರಾಜು ಅವರಿಗೆ ಪಾಠ ಮಾಡಿದ್ದ. ಬಸ್ಸಿಗೆ ನಾವೆಲ್ಲ ಜಗುಲಿಯ ಮೇಲೆ ಕಾಯುತ್ತಿದ್ದಾಗ ಪಿಡಿಒ ಕೂಡ ಪಂಚಾಯ್ತಿ ಕಚೇರಿಯಿಂದ ಕಡತ ತೆಗೆದುಕೊಂಡು ಬಂದು ನಮ್ಮ ಪಕ್ಕದಲ್ಲೇ ಕೂತ. ಬಸ್ಸಿನಲ್ಲಿ ಅವ್ವನಿಗೆ ಸೀಟು ಹಿಡಿದುಕೊಟ್ಟವನೂ ಅವನೇ. ವಡೆಯ ಹೊತ್ತಿನಲ್ಲಿ ಅವ್ವ ತನ್ನದರಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟಳು. ನನಗೆ ಕೊಡಲಿಲ್ಲ.

ಮೇಲ್ಮನವಿ ಕೇಳುವ ಸಾಹೇಬರು ಕನ್ನಡಕದ ಮೇಲಿನಿಂದ ನೋಡುವ ಸಮಾಧಾನದ ಮನುಷ್ಯ. ಮೊದಲು ಕರೀಗೌಡರನ್ನು ಕರೆದರು.

"ಜಗುಲಿ ಮೇಲೆ ಹೊರಗಿನವರು ಯಾರಾದ್ರೂ ಕೂರ್ತಾರೇನ್ರಿ?"

"ಒಂದ್ ನರಪಿಳ್ಳೆ ಕೂರಲ್ಲ ಸ್ವಾಮಿ."

"ಅಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತು?"

"ಬೆಳಗ್ಗಿಂದ ಬೈಗಿನಗಂಟ ನಾನು ಅಲ್ಲೇ ಕುಂತಿರ್ತೀನಲ್ಲ ಸ್ವಾಮಿ, ನನಗ್ ಗೊತ್ತಾಗ್ದೆ ಇದ್ದಾತಾ?"

ನಿಂಗರಾಜು ಕೈಯಲ್ಲಿದ್ದ ಕಾಗದಗಳನ್ನು ಸುಮ್ಮನೆ ಜೋಡಿಸತೊಡಗಿದ. ಸಾಹೇಬರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಆ ಜಗುಲಿ ಮೇಲೆ ಯಾವಾಗ ಕೂರ್ತೀರಿ?" ಎಂದು ಕೇಳಿದರು. ಯೋಚಿಸಿದೆ. ಬೆಳಗ್ಗೆ ಸ್ಕೂಟರ್ ಹತ್ತಿ ಶಾಲೆಗೆ ಹೋಗುತ್ತೇನೆ, ಸಂಜೆ ಬಂದು ನೇರ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಜಿ ಬರೆಯುತ್ತೇನೆ. ಕೇಸಿನ ದಿನಗಳಲ್ಲಿ ಬಸ್ಸಿಗೆ ಕಾಯಲು ಕೂತದ್ದು ಬಿಟ್ಟರೆ ಸುಮ್ಮನೆ ಹೋಗಿ ಕೂತ ನೆನಪೇ ಬರಲಿಲ್ಲ. "ಪುರುಸೊತ್ತಾದಾಗ" ಎಂದೆ. ಆ ಮಾತು ನನ್ನ ಕಿವಿಗೇ ಟೊಳ್ಳಾಗಿ ಕೇಳಿತು.

ಕೊನೆಗೆ ಅವ್ವ. ಕುರ್ಚಿ ಹಾಕಿಸಿದರು. "ಅಜ್ಜೀ, ಆ ಜಗುಲಿ ಯಾರದು?" ಎಂದು ಸಾಹೇಬರು ಕೇಳಿದರು. 'ನಮ್ದು ಅಂತ ಒಂದೇ ಒಂದು ಮಾತು ಹೇಳವ್ವಾ' ಎಂದು ನಾನು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ. ಅವ್ವ ಕೋಣೆಯಲ್ಲಿದ್ದ ಅಷ್ಟೂ ಜನರನ್ನು ಒಮ್ಮೆ ನೋಡಿದಳು. ಅವಳ ಮುಖದಲ್ಲಿ ನಾಚಿಕೆ ಕಾಣಿಸಿತು. ಅಷ್ಟು ಜನರ ಎದುರಿಗೆ ಜಗುಲಿಯನ್ನು ನಂದು ಎನ್ನುವುದು ಅವಳಿಗೆ, ಬಂದ ನೆಂಟರ ಮುಂದೆ ಅನ್ನದ ಪಾತ್ರೆ ಮುಚ್ಚಿಟ್ಟಷ್ಟೇ ಹೀನಾಯ.

"ಅದೇನ್ ಸ್ವಾಮಿ ಇಂಗ್ ಕೇಳೀರಿ? ಕುಂತೋರ್ದು. ನಮ್ಮೆಜಮಾನ್ರು ಕಟ್ಸಿದ್ದೇ ಬಸ್ಸಿಗ್ ಬಂದೋರು ಬಿಸ್ಲಲ್ಲಿ ನಿಂತವ್ರಲ್ಲ ಅಂತ. ನಂದು ನಂದು ಅಂತ ಇಡ್ಕಳಕ್ಕೆ ಅದೇನ್ ತಾಳಿಯಾ? ಈ ಮಗಾನೂ ದಿನಾ ಕುಂತ್ಕತದೆ, ಕೇಳಿ ಬೇಕಾರೆ" ಎಂದು ಪಿಡಿಒ ಕಡೆ ಕೈ ತೋರಿಸಿದಳು.

"ಏನ್ರೀ, ಕೂರ್ತೀರಾ?" ಎಂದರು ಸಾಹೇಬರು.

"ಬಸ್ ಬರೋತನಕ ಸರ್" ಎಂದ ಆತ, ನೆಲ ನೋಡುತ್ತಾ.

ನನಗೆ ಅವ್ವನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ವಾಪಸು ಬರುವಾಗ ವಡೆ ಬೇಡ ಎಂದೆ. ಅವ್ವ, "ಸೋತ್ರೆ ವಡೆ ತಿನ್ಬಾರ್ದು ಅಂತ ಕಾನೂನೈತಾ?" ಎಂದು ಕೇಳಿ ಇಳಿದೇಬಿಟ್ಟಳು.

ಆದೇಶವನ್ನು ಎಂದಿನಂತೆ ಪಿಡಿಒನೇ ತಂದುಕೊಟ್ಟ. ನಾನು ಎಂದಿನಂತೆ ಕೆಳಗಿನಿಂದ ಓದಿದೆ: ಬಾಧಿತರು ನ್ಯಾಯಾಲಯಕ್ಕೆ ಹೋಗಬಹುದು. ಮೇಲಕ್ಕೆ ಬರುತ್ತಾ ಬರುತ್ತಾ ನನ್ನ ತಲೆ ತಿರುಗಿತು. ಮೇಲ್ಮನವಿದಾರರ ಕಡೆಯ ಸಾಕ್ಷಿಗಳಿಂದಲೇ ಸದರಿ ಜಗುಲಿ ಬಹುಕಾಲದಿಂದ ಸಾರ್ವಜನಿಕರ ಉಪಯೋಗದಲ್ಲಿದೆಯೆಂದು ಸಾಬೀತಾಗಿದೆ. ಆದ್ದರಿಂದ ಅದು ಒತ್ತುವರಿಯಲ್ಲ. ತೆರವಿನ ಆದೇಶ ರದ್ದು. ಪಂಚಾಯ್ತಿಯು ಚರಂಡಿಯನ್ನು ಜಗುಲಿಯ ಸುತ್ತ ಬಳಸಿ ಒಯ್ಯತಕ್ಕದ್ದು, ಜಗುಲಿಯನ್ನು ಸಾರ್ವಜನಿಕ ತಂಗುದಾಣವೆಂದು ಕಾಪಾಡತಕ್ಕದ್ದು, ಮೇಲ್ಮನವಿದಾರರು ಸದರಿ ಉಪಯೋಗಕ್ಕೆ ಅಡ್ಡಿಪಡಿಸಕೂಡದು. ಅವ್ವನಿಗೆ ಓದಿ ಹೇಳಿದೆ. "ಒಡೆಯಲ್ಲ ತಾನೆ?" ಎಂದಳು. ಇಲ್ಲ ಎಂದೆ. "ಮತ್ಯಾಕೆ ಮೊಕ ಅಂಗ್ ಮಾಡಿದ್ದೀಯೆ?" ಎಂದು ಎದ್ದು ಕಾಫಿಗೆ ಹಾಲಿಟ್ಟಳು.

ನಾನು ಮಾತ್ರ ನಿಂಗರಾಜು ಬಳಿಗೆ ಓಡಿದೆ. ಜಗುಲಿ ಉಳಿಯಿತು, ಆದರೆ ನನ್ನದಾಗಿ ಉಳಿಯಲಿಲ್ಲ, ಕೋರ್ಟಿಗೆ ಹೋಗೋಣ ಎಂದೆ. ಅವನು ಆದೇಶವನ್ನು ಮೇಲಿನಿಂದ ಓದಿದ. "ಓಗ್ಬೋದು ಸಾ. ಗೆದ್ರೆ ಜಗುಲಿ ನಿಮ್ಮ ಸ್ವಂತದ್ದು ಅಂತ ಆಯ್ತದೆ."

"ಆಮೇಲೆ?"

"ಸ್ವಂತದ್ದು ಅಂತ ಆದೇಟ್ಗೆ ಅದು ರಸ್ತೆ ಮೇಲಿರೋ ಒತ್ತುವರಿ ಆಯ್ತದೆ ಸಾ. ಒಡೀಬೋದು."

ಸೋತರೆ ಜಗುಲಿ ಉಳಿಯುತ್ತದೆ, ಗೆದ್ದರೆ ಹೋಗುತ್ತದೆ. ಇಷ್ಟು ವರ್ಷ ಗಣಿತ ಹೇಳಿಕೊಟ್ಟ ನನಗೆ ಈ ಲೆಕ್ಕ ಬಿಡಿಸಲು ಸಂಜೆಯ ತನಕ ಹಿಡಿಯಿತು. ಬದುಕಿನಲ್ಲಿ ಮೊದಲ ಸಲ, ಮೇಲ್ಮನವಿಗೆ ಅವಕಾಶವಿರುವ ಕಾಗದವೊಂದನ್ನು ಮಡಚಿ ಟೀವಿಯ ಮೇಲಿಟ್ಟೆ. ಸಾವಿತ್ರಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಮನಸ್ಸು ತಡೆಯದೆ ಹೊರಗೆ ಬಂದು ಜಗುಲಿಯ ಒಂದು ತುದಿಯಲ್ಲಿ ಕೂತೆ. ಕಲ್ಲು ತಣ್ಣಗೆ, ನುಣ್ಣಗೆ ಇತ್ತು. ಇಷ್ಟು ಸುಖವಾಗಿದೆಯೆಂದು ಗೊತ್ತಿದ್ದರೆ ಎಂದೋ ಬಂದು ಕೂರುತ್ತಿದ್ದೆ. ಪಕ್ಕದಲ್ಲಿದ್ದ ಪರವೂರಿನವನೊಬ್ಬ ತನ್ನ ಚೀಲ ಎತ್ತಿಕೊಂಡು ಜಾಗ ಬಿಟ್ಟು, "ಯಾವ ಬಸ್ಸಣ್ಣ?" ಎಂದು ಕೇಳಿದ. ಇದು ನನ್ನ ಮನೆ ಎನ್ನಲು ಬಾಯಿ ಬಂದೀತೇ? ಅಡ್ಡಿಪಡಿಸಕೂಡದೆಂದು ಆದೇಶ ಬೇರೆ. "ಮಳವಳ್ಳಿ" ಎಂದೆ. ಅಷ್ಟರಲ್ಲಿ ಮಳವಳ್ಳಿ ಬಸ್ಸು ಬಂದೇಬಿಟ್ಟಿತು. ಪುಣ್ಯಾತ್ಮ ರಸ್ತೆಗೆ ಹಾರಿ, ಎರಡೂ ಕೈ ಬೀಸಿ ಅದನ್ನು ನಿಲ್ಲಿಸಿ, "ಬನ್ನಿ ಬನ್ನಿ, ನಿಮ್ಗೇ ನಿಲ್ಸಿವ್ನಿ" ಎಂದು ನನ್ನ ತೋಳು ಹಿಡಿದು ಹತ್ತಿಸಿದ. ಕಂಬಕ್ಕೆ ಒರಗಿದ್ದ ಅವ್ವ, ಮನೆಯ ಪಂಚೆಯಲ್ಲಿ ಬಸ್ಸು ಹತ್ತುತ್ತಿದ್ದ ಮಗನನ್ನು ಬೆರಗಾಗಿ ನೋಡಿದಳು.

ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವಷ್ಟರಲ್ಲಿ ಅವನು ಹೋಗಿದ್ದ. ನನ್ನ ಜಾಗದಲ್ಲಿ ಇನ್ನಾರೋ ಹೆಂಗಸು ಮೆಣಸಿನಕಾಯಿ ಚೀಲದೊಂದಿಗೆ ಕೂತಿದ್ದಳು. ಬೆವರು ಒರೆಸಿಕೊಳ್ಳುತ್ತಾ ನಿಂತ ನನ್ನನ್ನು ನೋಡಿ ಅವಳೇ ಸರಿದು ಕೂತಳು.

"ಪಾಪ, ಮದ್ದೂರ್ ಬಸ್ಸು ಈಗ್ತಾನೆ ಓಯ್ತು ಕಣಣ್ಣ. ಕುಂತ್ಕಳಿ, ಇನ್ನೊಂದ್ ಬತ್ತದೆ."

ಕೂತುಕೊಂಡೆ.